ಹಿರಿಯರ ಮರೆವು ಮತ್ತು ರಕ್ತದ ಕೊಬ್ಬು

ಮುಪ್ಪಿನಲ್ಲಿ ಕೈಕಾಲು ನಡುಗುವ ವ್ಯಾಧಿಯನ್ನು ಆಯುರ್ವೇದವು ಕಂಪವಾತವೆಂದು ಕರೆಯುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಅವರು ಇದರ ಲಕ್ಷಣಗಳನ್ನು ವಿವರವಾಗಿ ಬರೆದುದರಿಂದ ಇಂದು ಅವರ ಹೆಸರಿನಿಂದಲೇ ಈ ರೋಗವು ಪ್ರಸಿದ್ಧವಾಗಿದೆ. ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ಉತ್ಪಾದಿಸುವ ಜೀವಕೋಶಗಳು ನಶಿಸುವುದರಿಂದ ನಡುಕ, ಬಿಗಿತ, ನಿಧಾನಗತಿಗಳು ತಲೆದೋರುತ್ತವೆ. ವರ್ಷಗಳು ಕಳೆದಂತೆ ಹಲವರಲ್ಲಿ ಮರೆವೂ ಗೊಂದಲವೂ ಸೇರಿಕೊಳ್ಳುತ್ತವೆ.

ಮಳವಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನವರಿಗೆ ಈ ರೋಗವಿದೆ. ಎಡ ಅಂಗೈಯಲ್ಲಿ ಇಷ್ಟಲಿಂಗವು ಸ್ಥಿರವಾಗಿ ನಿಲ್ಲದಾದಾಗ ಮೊಮ್ಮಗಳು ಪಕ್ಕದಲ್ಲಿ ಕುಳಿತು ಅವರ ಮುಂಗೈಗೆ ಆಸರೆ ಕೊಡತೊಡಗಿದಳು. ನಡುಕಕ್ಕೆ ಅವರು ಧೃತಿಗೆಡಲಿಲ್ಲ. ಆದರೆ ಪೂಜೆ ಮುಗಿಸಿ ಎದ್ದ ಮೇಲೆ, "ಪೂಜೆ ಆಯ್ತಾ, ಕೂಸೇ?" ಎಂದು ಕೇಳತೊಡಗಿದಾಗ ಮನೆಯವರೆಲ್ಲ ಕಳವಳಗೊಂಡರು.

ಅದೇ ದಿನಗಳಲ್ಲಿ ಮದ್ದೂರಿನಲ್ಲಿರುವ ಮಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಹೆಚ್ಚಾಗಿರುವುದು ಕಂಡುಬಂದಿತು. ಬಂಧುಗಳಲ್ಲೊಬ್ಬರು, ಸೊಸೆ ಬಡಿಸುವ ತುಪ್ಪವೇ ಮರೆವಿಗೆ ಮೂಲವೆಂದರು. ಮತ್ತೊಬ್ಬರು, ಹೃದಯದ ರಕ್ಷಣೆಗೆಂದು ಕೊಟ್ಟಿದ್ದ ಸ್ಟ್ಯಾಟಿನ್ ಮಾತ್ರೆಯೇ ಮಿದುಳಿನ ಕೊಬ್ಬನ್ನು ಕರಗಿಸುತ್ತಿದೆ, ಅದನ್ನು ನಿಲ್ಲಿಸಿರೆಂದರು. ಪರಸ್ಪರ ವಿರುದ್ಧವಾದ ಈ ಉಪದೇಶಗಳ ನಡುವೆ ತುಪ್ಪ ಹೋಯಿತು, ಹಾಲು ಹೋಯಿತು, ಮುದ್ದೆಯೂ ಸಣ್ಣದಾಯಿತು. ಮೊದಲೇ ಕೃಶರಾಗಿದ್ದ ಹಿರಿಯರು ಇನ್ನಷ್ಟು ಇಳಿದುಹೋದರು.

ಕಡೆಗೆ ಮಂಡ್ಯದ ವೈದ್ಯರೊಬ್ಬರು ನಮ್ಮೆಲ್ಲರನ್ನೂ ಕೂರಿಸಿಕೊಂಡು ವಿವರಿಸಿದರು. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2ರಷ್ಟು ಮಾತ್ರ. ಆದರೆ ದೇಹದ ಕೊಲೆಸ್ಟರಾಲಿನಲ್ಲಿ ಸುಮಾರು ಐದನೆಯ ಒಂದು ಭಾಗವು ಅಲ್ಲಿದೆ. ಅದನ್ನು ಮಿದುಳು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿರುವುದು ಸುಲಭವಾಗಿ ಒಳಹೋಗದು. ಆದಕಾರಣ ರಕ್ತದ ಅಂಕಿಯನ್ನು ನೋಡಿ ಮಿದುಳಿನ ಸ್ಥಿತಿಯನ್ನು ಅಳೆಯಲಾಗದು. ಹಾಗೆಂದು ಅದನ್ನು ಅಲಕ್ಷಿಸಲೂ ಬಾರದು. ಕೊಬ್ಬು ರಕ್ತನಾಳಗಳಲ್ಲಿ ಕಟ್ಟಿಕೊಂಡರೆ ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ದಾರಿಯಾಗುತ್ತದೆ; ಮಿದುಳಿಗೆ ತಗಲುವ ಸಣ್ಣಪುಟ್ಟ ಆಘಾತಗಳೂ ಮರೆವನ್ನು ಹೆಚ್ಚಿಸಬಲ್ಲವು.

ಪಾರ್ಕಿನ್ಸನ್ ರೋಗಿಗಳಲ್ಲಿ ರಕ್ತದ ಕೊಬ್ಬಿಗೂ ಅರಿವು ಕುಗ್ಗುವುದಕ್ಕೂ ಇರುವ ಸಂಬಂಧವನ್ನು ಅರಸಿದ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಇಂಗ್ಲೆಂಡಿನಲ್ಲಿ 235 ರೋಗಿಗಳ ಮೇಲೆ ಸಿಮ್ವಾಸ್ಟ್ಯಾಟಿನ್ ಮಾತ್ರೆಯನ್ನು ಎರಡು ವರ್ಷ ಪರೀಕ್ಷಿಸಿ, 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರೋಗದ ಮುನ್ನಡೆಯನ್ನು ಅದು ತಡೆಯಲಿಲ್ಲ. ಎಂದರೆ ಈ ಮಾತ್ರೆಯು ಪಾರ್ಕಿನ್ಸನ್ ರೋಗಕ್ಕೆ ಮದ್ದಲ್ಲ. ಹೃದಯಕ್ಕಾಗಿ ಸೇವಿಸುವವರು ವೈದ್ಯರನ್ನು ಕೇಳದೆ ನಿಲ್ಲಿಸತಕ್ಕದ್ದೂ ಅಲ್ಲ.

ಮರೆವು ಹೆಚ್ಚಿದಾಗ ಮೊದಲು ನೋಡಬೇಕಾದ ಸಂಗತಿಗಳು ಬೇರೆ ಇವೆ. ಶಾಕಾಹಾರಿಗಳಾದ ನಮ್ಮವರಲ್ಲಿ ವಿಟಮಿನ್ ಬಿ12 ಕೊರತೆ ಸಾಮಾನ್ಯ. ಥೈರಾಯ್ಡ್ ಗ್ರಂಥಿಯ ದೋಷ, ಮೂತ್ರದ ಸೋಂಕು, ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಇವೂ ವೃದ್ಧರ ಮನಸ್ಸನ್ನು ಮಬ್ಬುಗೊಳಿಸಬಲ್ಲವು. ಇವುಗಳನ್ನು ಪತ್ತೆಹಚ್ಚಿದರೆ ಪರಿಹಾರವುಂಟು. ರೋಗದಿಂದಲೇ ಬಂದ ಮರೆವಿಗೂ ರಿವಾಸ್ಟಿಗ್ಮಿನ್ ಎಂಬ ಔಷಧವು ಕೆಲವರಿಗೆ ತಕ್ಕಮಟ್ಟಿಗೆ ನೆರವಾಗುತ್ತದೆ. ವಿಶೇಷ ತಪಾಸಣೆ ಬೇಕಾದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿದೆ.

ದೊಡ್ಡಪ್ಪನವರಲ್ಲಿ ಬಿ12 ಬಹಳ ಕಡಿಮೆಯಿತ್ತು. ಚುಚ್ಚುಮದ್ದಿನ ತರುವಾಯ ಗೊಂದಲ ಸ್ವಲ್ಪ ತಗ್ಗಿತು; ಮರೆವು ಪೂರ್ತಿ ಹೋಗಲಿಲ್ಲ. ಹೃದಯದ ಮಾತ್ರೆ ಮುಂದುವರಿದಿದೆ. ಕರಿದ ತಿಂಡಿಗಳನ್ನು ಬಿಟ್ಟಿದ್ದಾರೆ. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆಗಳೊಡನೆ ಒಂದು ಚಮಚ ತುಪ್ಪವೂ ಎಲೆಗೆ ಮರಳಿದೆ. ಎಲ್ಲಕ್ಕಿಂತ ಮಿಗಿಲಾಗಿ, ಸೊಸೆಯ ಮೇಲಿನ ಅಪವಾದ ತೊಲಗಿದೆ.

ದಾಸೋಹವನ್ನು ಧರ್ಮವೆಂದು ಬಗೆದ ಮನೆಗಳು ನಮ್ಮವು. ಪರೀಕ್ಷೆಯ ಚೀಟಿಯಲ್ಲಿನ ಒಂದು ಅಂಕಿಗೆ ಹೆದರಿ ಅಂಥ ಮನೆಯ ಹಿರಿಯರು ಅರೆಹೊಟ್ಟೆಯಲ್ಲಿ ಏಳುವಂತಾಗಬಾರದು.