ನೆರೆಹೊರೆಯ ನಕ್ಷತ್ರಲೋಕಗಳು

ಕಾರ್ತಿಕ ಮಾಸದ ಒಂದು ತಿಳಿಯಾದ ಇರುಳಿನಲ್ಲಿ ಕುಣಿಗಲ್ ಕೆರೆಯ ಏರಿಯ ಮೇಲೆ ನಿಂತವನಿಗೆ ಎರಡು ಆಕಾಶಗಳು ಕಾಣುತ್ತವೆ. ಒಂದು ತಲೆಯ ಮೇಲೆ, ಮತ್ತೊಂದು ನೀರಿನೊಳಗೆ. ನೆತ್ತಿಯ ಸಮೀಪದಲ್ಲಿ ನಾಲ್ಕು ನಕ್ಷತ್ರಗಳ ದೊಡ್ಡ ಚೌಕವೊಂದು ಹೊಳೆಯುತ್ತದೆ. ನಮ್ಮ ಹಿರಿಯರು ಅದರ ಒಂದು ಬದಿಯನ್ನು ಪೂರ್ವಾಭಾದ್ರೆಯೆಂದೂ ಎದುರು ಬದಿಯನ್ನು ಉತ್ತರಾಭಾದ್ರೆಯೆಂದೂ ಕರೆದರು. ಗ್ರೀಕರು ಅದೇ ಎಡೆಯಲ್ಲಿ ರೆಕ್ಕೆಯುಳ್ಳ ಕುದುರೆಯನ್ನು ಕಂಡು ಪೆಗಾಸಸ್ ಎಂದರು. ಕುದುರೆಯ ತಳಿಗೆ ಹೆಸರಾದ ಕುಣಿಗಲ್ಲಿನವರಿಗೆ ಈ ಕಲ್ಪನೆ ಹೊಸದೆನಿಸಲಾರದು.

ಆ ಕುದುರೆಯ ದಿಕ್ಕಿನಲ್ಲಿ, ಬರಿಗಣ್ಣಿಗೆ ನಿಲುಕದಷ್ಟು ಮಸುಕಾಗಿ, ಐದು ಗೆಲಾಕ್ಸಿಗಳು ಒತ್ತೊತ್ತಾಗಿ ತೋರುತ್ತವೆ. 1877ರಲ್ಲಿ ಫ್ರಾನ್ಸಿನ ಎದುವಾರ್ ಸ್ಟೆಫಾನ್ ಎಂಬ ವಿಜ್ಞಾನಿ ಅವುಗಳನ್ನು ಕಂಡನು. ಇದೇ ‘ಸ್ಟೆಫಾನನ ಪಂಚಕ’. ಇಂತಹ 100 ಕಿಕ್ಕಿರಿದ ಗುಂಪುಗಳ ಪಟ್ಟಿಯೊಂದನ್ನು ಪಾಲ್ ಹಿಕ್ಸನ್ 1982ರಲ್ಲಿ ಪ್ರಕಟಿಸಿದರು.

ಕಿಕ್ಕಿರಿದ ಗುಂಪೆಂದರೇನು? ನಮ್ಮ ಆಕಾಶಗಂಗೆಯ ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ದೊಡ್ಡ ನೆರೆಯವಳಾದ ಆಂಡ್ರೊಮಿಡಾ 25 ಲಕ್ಷ ಜ್ಯೋತಿರ್ವರ್ಷಗಳಾಚೆ ಇದ್ದಾಳೆ. ಆಕಾಶಗಂಗೆಯನ್ನು ಒಂದು ಕಿಲೋಮೀಟರ್ ಅಗಲದ ಊರೆಂದು ಭಾವಿಸಿದರೆ, ಇವೆರಡರ ಅಂತರ ತುಮಕೂರಿನಿಂದ ಗುಬ್ಬಿಯನ್ನು ದಾಟಿ ತುಸು ಮುಂದೆ ನಡೆದಷ್ಟಾಯಿತು. ಪಂಚಕದಂತಹ ಗುಂಪುಗಳಲ್ಲಿ ಹಾಗಲ್ಲ. ಹಳೆಯ ಪೇಟೆಯ ಮನೆಗಳಂತೆ ಗೋಡೆಗೆ ಗೋಡೆ ತಾಗುವಂತೆ ಗೆಲಾಕ್ಸಿಗಳು ನೆಲೆಸಿವೆ.

ದೊಡ್ಡ ಗೆಲಾಕ್ಸಿಗಳ ನಾಭಿಯಲ್ಲಿ ಸಾಮಾನ್ಯವಾಗಿ ಒಂದು ಭಾರಿ ಕಪ್ಪುಕುಳಿಯಿರುತ್ತದೆ. ಈ ಕಪ್ಪುಕುಳಿಗಳ ಸ್ವಭಾವವನ್ನು ಅರಿಯುವಲ್ಲಿ ಕನ್ನಡ ನಾಡಿನ ಪಾಲೂ ಇದೆ. ಬೆಂಗಳೂರಿನಲ್ಲಿ ಜನಿಸಿದ ಸಿ. ವಿ. ವಿಶ್ವೇಶ್ವರ ಅವರು, ಕದಡಿದ ಕಪ್ಪುಕುಳಿಯು ಬಡಿದ ಗಂಟೆಯಂತೆ ಮಿಡಿದು ಶಾಂತವಾಗುತ್ತದೆಂದು 1970ರಲ್ಲಿಯೇ ಗಣಿತದಿಂದ ತೋರಿಸಿದ್ದರು.

ಕಪ್ಪುಕುಳಿ ತಾನಾಗಿ ಬೆಳಗದು. ಕೆರೆ ಎಷ್ಟೇ ದೊಡ್ಡದಾಗಿರಲಿ, ಹಳ್ಳಕೊಳ್ಳಗಳು ನೀರು ತಂದರಲ್ಲವೆ ಅದು ಕೋಡಿ ಬೀಳುವುದು? ಹಾಗೆಯೇ ಸುತ್ತಣ ಅನಿಲ ಒಳಗೆ ಹರಿದು ಬಂದಾಗ ಮಾತ್ರ ನಾಭಿ ಉರಿದೇಳುತ್ತದೆ. ಸುಳಿಯಲ್ಲಿ ಸಿಕ್ಕ ಅನಿಲ ಕಾದು, ಕುಳಿಗೆ ಬೀಳುವ ಮುನ್ನ ಅಪಾರ ಬೆಳಕನ್ನು ಚೆಲ್ಲುತ್ತದೆ. ಆಕಾಶಗಂಗೆಯ ನಡುವಿನ ಕಪ್ಪುಕುಳಿ 40 ಲಕ್ಷ ಸೂರ್ಯರಷ್ಟು ತೂಗಿದರೂ, ಆಹಾರ ಅಲ್ಪವಾದುದರಿಂದ ಸುಮ್ಮನಿದೆ. ಪಂಚಕದ ಗೆಲಾಕ್ಸಿಯೊಂದರಲ್ಲಿ 2 ಕೋಟಿ 40 ಲಕ್ಷ ಸೂರ್ಯರ ತೂಕದ ಕಪ್ಪುಕುಳಿ 4,000 ಕೋಟಿ ಸೂರ್ಯರಷ್ಟು ಬೆಳಗುತ್ತಿದೆ. 2022ರ ಜುಲೈನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳಲ್ಲಿಯೇ ಜಗತ್ತು ಅದನ್ನು ಕಂಡಿತು.

ನೆರೆಹೊರೆ ಹತ್ತಿರವಾದಷ್ಟೂ ಸೆಳೆತ ಹೆಚ್ಚು. ಸೆಳೆತದಿಂದ ಅನಿಲ ನೆಲೆತಪ್ಪಿ ನಾಭಿಯತ್ತ ಸರಿಯುತ್ತದೆ. ಆದುದರಿಂದ ಇಂತಹ ಗುಂಪುಗಳಲ್ಲಿ ಎಲ್ಲ ನಾಭಿಗಳೂ ಧಗಧಗಿಸಬೇಕೆಂದು ಯಾರಾದರೂ ಊಹಿಸಿಯಾರು. ವಿಜ್ಞಾನಿಗಳು ಕಂಡುದೇ ಬೇರೆ. ಅಲ್ಲಿ ಚಟುವಟಿಕೆಯುಳ್ಳ ನಾಭಿಗಳು ಹೇರಳ. ಆದರೆ ಬಹುಪಾಲು ಮಂದ ದೀಪಗಳು, ಪ್ರಖರವಾದವು ವಿರಳ. ಏಕೆಂದರೆ ಅದೇ ಸೆಳೆತ ಅನಿಲವನ್ನು ಹೊರಗೂ ಎಸೆಯುತ್ತದೆ. ಪಂಚಕದಲ್ಲಿ ತಣ್ಣನೆಯ ಹೈಡ್ರೋಜನ್ ಅನಿಲದ ಬಹುಭಾಗ ಗೆಲಾಕ್ಸಿಗಳ ಹೊರಗೆ ಬಯಲಿನಲ್ಲಿ ಚೆದುರಿದೆ. ಉಣಿಸಿದ ಸಾಮೀಪ್ಯವೇ ಉಪವಾಸಕ್ಕೂ ದೂಡಿತು!

ಈ ಗುಂಪಿನಲ್ಲಿ ಮತ್ತೊಂದು ಸೋಜಿಗವುಂಟು. 1961ರಲ್ಲಿ ಬರ್ಬಿಜ್ ದಂಪತಿಗಳು ಬೆಳಕಿನ ರೋಹಿತವನ್ನು ಅಳೆದಾಗ, ಐದರಲ್ಲಿ ಒಂದು ಉಳಿದವುಗಳ ಜೊತೆಗಾರನಂತೆ ತೋರಲಿಲ್ಲ. ಅದು ಸುಮಾರು 4 ಕೋಟಿ ಜ್ಯೋತಿರ್ವರ್ಷಗಳ ಈಚೆ ಇದೆ; ಉಳಿದ ನಾಲ್ಕು ಸುಮಾರು 29 ಕೋಟಿ ಜ್ಯೋತಿರ್ವರ್ಷಗಳ ಆಚೆ. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಮನುಷ್ಯರು ದಾರಿಹೋಕನನ್ನು ಮನೆಯವನೆಂದು ಎಣಿಸಿದ್ದರು.

ಇಂತಹ ತಪ್ಪನ್ನು ತಿದ್ದುವುದು ಅಳತೆಯ ತಾಳ್ಮೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಅಗಲದ ದರ್ಪಣವುಳ್ಳ ಭಾರತದ ದೂರದರ್ಶಕವೊಂದಿದೆ. ಅದನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಯಾವ ನಾಭಿ ಉರಿಯುತ್ತಿದೆ, ಯಾವುದು ಎಷ್ಟು ದೂರದಲ್ಲಿದೆ ಎಂದು ತಿಳಿಯುವುದು ಇಂತಹ ಉಪಕರಣಗಳಿಂದಲೇ.

ಕುಣಿಗಲ್ ಕೆರೆಯ ನೀರಿನಲ್ಲಿ ಎದುರು ದಡದ ದೀಪವೂ ಆಕಾಶದ ನಕ್ಷತ್ರವೂ ಅಕ್ಕಪಕ್ಕದಲ್ಲಿ ನಡುಗುತ್ತವೆ. ಕಣ್ಣಿಗೆ ಎರಡೂ ನೆರೆಯವೇ. ಒಂದು ಒಂದಿಷ್ಟು ನಡೆದರೆ ತಲುಪುವ ಮನೆಯ ಬೆಳಕು. ಇನ್ನೊಂದು ನೋಡುವವನು ಹುಟ್ಟುವ ಮೊದಲೇ ಹೊರಟು ಬಂದದ್ದು. ಅವೆರಡರ ನಡುವಣ ದೂರವನ್ನು ಅರಿಯಬೇಕಾದವನು ನೀರಿನಿಂದ ಕಣ್ಣೆತ್ತಿ ಮೇಲೆ ನೋಡಬೇಕು. ನೋಡಿದ್ದನ್ನು ಅಳೆಯಲೂ ಕಲಿಯಬೇಕು.