ಒಲೆ ಹಚ್ಚದ ಬರ್ತ್‌ಡೇ!

ಮಾರ್ಚ್ 17 ಅಂದರೆ ನಿಮಗೆ ಬೇರೆ ಹೇಳಬೇಕೆ ಗೆಳೆಯರೇ? ಅಪ್ಪು ಹುಟ್ಟಿದ ದಿನ. 1975ರಲ್ಲಿ ಹುಟ್ಟಿ, 2021ರ ಅಕ್ಟೋಬರ್ 29ರಂದು ನಮ್ಮನ್ನೆಲ್ಲ ಬಿಟ್ಟು ಹೊರಟೇಹೋದ ಪುನೀತ್! ನಮ್ಮಕ್ಕನ ಮಗ ಹುಟ್ಟಿದ್ದೂ ಅದೇ ತಾರೀಖು. ಹಾಗಾಗಿ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಅವನೂ ಅಪ್ಪುವೇ.

ಈ ಸಲ ಅವನಿಗೆ ಆರು ತುಂಬುತ್ತಿತ್ತು. ‘ಬೇಕರಿ ಕೇಕು, ಮೇಲೆ ಅಪ್ಪು ಫೋಟೋ, ಖರ್ಚೆಲ್ಲ ಮಾಮಂದು’ ಅಂತ ತಿಂಗಳ ಮುಂಚೆಯೇ ಡಂಗುರ ಸಾರಿಬಿಟ್ಟಿದ್ದೆ. ಒಂದು ಪತ್ರಿಕೆಯಿಂದ ಎರಡು ಲೇಖನದ ದುಡ್ಡು ಬರಬೇಕಿತ್ತು. ಬರಲಿಲ್ಲ. ಹದಿನಾರರ ಸಂಜೆ ಜೇಬು ತಡಕಿದರೆ 340 ರೂಪಾಯಿ!

‘ಪಿ.ಯು.ಸಿ.ನೂ ಹೀಗೇ ಅರ್ಧಕ್ಕೆ ಬಿಟ್ಟೆಯಲ್ಲಪ್ಪಾ’ ಅಂದರು ಅಪ್ಪ, ಪೇಪರಿನಿಂದ ಮುಖ ಎತ್ತದೆ. ಅಕ್ಕ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ನೆನಪಾದದ್ದು ‘ಬೆಟ್ಟದ ಹೂವು’. 1985ರ ಆ ಚಿತ್ರದಲ್ಲಿ ಪುಸ್ತಕಕ್ಕೆಂದು ಕೂಡಿಟ್ಟ ಕಾಸಲ್ಲಿ ಮನೆಯವರಿಗೆ ಕಂಬಳಿ ತರುವ ರಾಮು! ಪುನೀತ್‌ಗೆ ಬಾಲನಟನ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ನಾನು ಮಾಮ ಅನ್ನಿಸಿಕೊಂಡು ಸುಮ್ಮನೆ ಕೂರಲೇ?

ಅಂಗಡಿಗೆ ಓಡಿದೆ. 200 ಗ್ರಾಂ ಮೇರಿ ಬಿಸ್ಕತ್ತು, ಒಂದು ಡಬ್ಬ ಮಿಲ್ಕ್‌ಮೇಡ್, ಕೋಕೋ ಪುಡಿ. (ಕೋಕೋ ಅಂದರೆ ಫಾರಿನ್ ಅಂದುಕೊಳ್ಳಬೇಡಿ ಸ್ವಾಮಿ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೇ ಬೆಳೆಯುತ್ತೆ. ಪುತ್ತೂರಿನ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ 1986ರದ್ದು.) ಬಿಸ್ಕತ್ತನ್ನು ಕವರಿಗೆ ಹಾಕಿ ಲಟ್ಟಣಿಗೆಯಲ್ಲಿ ಕುಟ್ಟಿದೆ. ಮೂರು ಚಮಚ ಕೋಕೋ, ಎರಡು ಚಮಚ ಬೆಣ್ಣೆ, ಅರ್ಧ ಡಬ್ಬ ಮಿಲ್ಕ್‌ಮೇಡ್. ಅಷ್ಟಕ್ಕೇ ಬಿಡಬಾರದಿತ್ತೇ? ಮೆತ್ತಗಾಗಲಿ ಅಂತ ಅರ್ಧ ಲೋಟ ಹಾಲು ಸುರಿದೆ. ಪಾಯಸವಾಯಿತು!

ಅಪ್ಪನ ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲ ಅಂತ ನನಗೆ ಗೊತ್ತು.

ಕೊನೆಗೆ ಅಮ್ಮನೇ ಬಂದಳು. ‘ಇನ್ನೊಂದು ಪ್ಯಾಕೆಟ್ ಬಿಸ್ಕತ್ತು ತಾರೋ. ಹಾಕಿ ಅರ್ಧ ಗಂಟೆ ಮುಚ್ಚಿಡು, ಪುಡಿ ತಾನೇ ಹೀರಿಕೊಳ್ಳುತ್ತೆ’ ಅಂದಳು. ಚಾಕೊಲೇಟಿಗೂ ಅಮ್ಮನಿಗೂ ಏನು ಸಂಬಂಧ ಅಂತೀರಾ? ನಾಗರಪಂಚಮಿಗೆ ಚಿಗಳಿ, ತಂಬಿಟ್ಟು ಕಟ್ಟಿದ ಕೈ ಅದು! ನಿಜವಾಗಿಯೂ ಬಿಗಿಯಾಯಿತು. ಅಂಗೈಗೆ ತುಪ್ಪ ಸವರಿಕೊಂಡು ಉಂಡೆ ಕಟ್ಟಿದಳು, ನಾನು ಕೊಬ್ಬರಿ ತುರಿಯಲ್ಲಿ ಹೊರಳಿಸಿದೆ. ಎಣಿಸಿದರೆ ನಲವತ್ತೊಂದು. ಒಲೆ ಹಚ್ಚಿಲ್ಲ, ಫ್ರಿಜ್ಜಂತೂ ನಮ್ಮ ಮನೇಲಿಲ್ಲ.

ಮಾರನೇ ದಿನ ಬೀದಿಯ ತುದಿಯಲ್ಲಿ ಅಭಿಮಾನಿಗಳು ಅಪ್ಪು ಫೋಟೋಗೆ ಹಾರ ಹಾಕಿ ಪಲಾವ್ ಹಂಚುತ್ತಿದ್ದರು. ಇಲ್ಲಿ ಸ್ಟೀಲ್ ತಟ್ಟೆ ಮೇಲೆ ಉಂಡೆಗಳ ಗೋಪುರ, ತುದಿಗೊಂದು ಮೇಣದಬತ್ತಿ. ಅಪ್ಪು ತಟ್ಟೆ ನೋಡಿದ, ನನ್ನ ನೋಡಿದ. ನನ್ನ ಎದೆ ಡವಡವ.

‘ಮಾಮಾ, ಇದನ್ನ ಕಟ್ ಮಾಡೋದು ಹೇಗೆ?’

‘ಇದು ಕಟ್ ಮಾಡೋದಲ್ಲ ಕಣೋ. ಲೂಟಿ ಮಾಡೋದು!’

ಹದಿನಾಲ್ಕು ಮಕ್ಕಳು. ಐದು ನಿಮಿಷಕ್ಕೆ ತಟ್ಟೆ ಖಾಲಿ. ಸಕ್ಕರೆ ಕಾಯಿಲೆಯ ಅಪ್ಪನ ಮೀಸೆಯಲ್ಲೂ ಕೊಬ್ಬರಿ ಇತ್ತು. ಅಮ್ಮನಿಗೆ ನಾನು ಹೇಳಲಿಲ್ಲ.

ಚೆಕ್ಕು ಬಂದದ್ದು ಒಂಬತ್ತು ದಿನದ ಮೇಲೆ. ಅಷ್ಟರಲ್ಲಿ ಅಪ್ಪು ದಿನಕ್ಕೆರಡು ಸಲ ಕೇಳತೊಡಗಿದ್ದ: ‘ಮಾಮಾ, ನಾಳೆ ಯಾರ ಬರ್ತ್‌ಡೇ?’