ಸನ್ಯಾಸಿ ಏಡಿಗೆ ಎರಡು ಕೊಳ

ಮಣಿಪಾಲದ ನನ್ನ ಬಾಡಿಗೆ ಫ್ಲ್ಯಾಟಿಗೆ ಅಮ್ಮ ಮೊದಲ ಸಲ ಬಂದಾಗ, ಟಿವಿ ಇರಬೇಕಾದ ಜಾಗದಲ್ಲಿ ಗಾಜಿನ ತೊಟ್ಟಿ ನೋಡಿ ಬಿದ್ದು ಬಿದ್ದು ನಕ್ಕಿದ್ದರು. "ಇದೆಂತ ಮಾರಾಯ್ತಿ, ಡೆಂಜಿ ಸಾಕಿದ್ದೀಯಾ? ಅದೂ ಸುಕ್ಕ ಮಾಡ್ಲಿಕ್ಕೂ ಆಗದ್ದು!"

ಸಾಕಬೇಕೆಂದು ನಾನು ತಂದದ್ದಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹಾಸಿಗೆ, ಫ್ರಿಜ್ ಎಲ್ಲ ಮಾರಿದಳು. ಮೂರು ಹರ್ಮಿಟ್ ಕ್ರ್ಯಾಬ್, ಅಂದರೆ ಸನ್ಯಾಸಿ ಏಡಿಗಳು ಮಾತ್ರ ಉಳಿದವು. "ಏನೂ ಕಷ್ಟ ಇಲ್ಲ ಕಣೇ, ತಟ್ಟೆಯಲ್ಲಿರುವ ಸ್ಪಂಜ್ ಒದ್ದೆ ಮಾಡುತ್ತಾ ಇದ್ದರೆ ಸಾಕು. ಅಂಗಡಿಯವರೇ ಹೇಳಿದ್ದು" ಎಂದಳು. ನಾನು ನಂಬಿದೆ. ನಂಬುವುದೇ ಸುಲಭವಾಗಿತ್ತು.

ಎರಡು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಮೂರರಲ್ಲಿ ಚಿಕ್ಕದು ಶಂಖ ಬಿಟ್ಟು ಹೊರಗೆ, ನೀರಿನ ತಟ್ಟೆಯ ಪಕ್ಕದಲ್ಲಿ ಮುದುಡಿ ಬಿದ್ದಿತ್ತು. ಮುಟ್ಟಿದರೂ ಅಲುಗಾಡಲಿಲ್ಲ. ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಮೀನು ಕೊಳೆತ ವಾಸನೆ. ಬಾಲ್ಕನಿಯ ತುಳಸಿ ಕುಂಡದ ಪಕ್ಕದ ಖಾಲಿ ಕುಂಡದಲ್ಲಿ ಹೂತಿಟ್ಟೆ. ಅದಕ್ಕೊಂದು ಹೆಸರೂ ಇಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು.

ಆ ರಾತ್ರಿ ಕೂತು ಓದಿದೆ. ಮೊದಲೇ ಓದಬೇಕಾಗಿತ್ತು.

ನೆಲದ ಮೇಲೆ ಬದುಕಿದರೂ ಈ ಏಡಿ ಉಸಿರಾಡುವುದು ಕಿವಿರಿನ ಮೂಲಕವೇ. ಕಿವಿರು ಒದ್ದೆಯಾಗಿರಬೇಕು. ಅದಕ್ಕೆ ತೊಟ್ಟಿಯೊಳಗಿನ ತೇವಾಂಶ ಶೇ. 75-85ರಷ್ಟು ಇರಬೇಕು. ನಾನೋ, ಮೇಲೆ ಬಲೆಯ ಮುಚ್ಚಳ ಹಾಕಿ, ಅದೇ ಕೋಣೆಯಲ್ಲಿ ಎ.ಸಿ. ಹಾಕಿ ಮಲಗುತ್ತಿದ್ದೆ. ಎ.ಸಿ. ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಅದು ನಿಧಾನವಾಗಿ ಉಸಿರು ಕಟ್ಟಿ ಸತ್ತದ್ದು.

ಇನ್ನೊಂದು ತಪ್ಪು, ನೀರು. ಈ ಏಡಿಗೆ ಬೇಕಾದದ್ದು ಒಂದು ತಟ್ಟೆ ನೀರಲ್ಲ, ಎರಡು ಕೊಳ. ಒಂದು ಸಿಹಿನೀರಿನದು, ಇನ್ನೊಂದು ಉಪ್ಪುನೀರಿನದು. ಅದು ಕೊಳದೊಳಗೆ ಇಳಿದು, ಮುಳುಗಿ, ಶಂಖದೊಳಗೆ ನೀರು ತುಂಬಿಕೊಂಡು ಹೋಗುತ್ತದೆ. ಎರಡು ಕೊಳಕ್ಕೂ ಹೋಗಿ ಬಂದು, ತನ್ನ ಮೈಗೆ ಎಷ್ಟು ಉಪ್ಪು ಬೇಕೋ ಅಷ್ಟು ತಾನೇ ಹದ ಮಾಡಿಕೊಳ್ಳುತ್ತದೆ. ಹೆಸರಿಗೆ ಸನ್ಯಾಸಿ, ಬೇಕಾದದ್ದು ಮಾತ್ರ ಎರಡೆರಡು ಕೆರೆ!

ನಲ್ಲಿ ನೀರನ್ನು ಹಾಗೆಯೇ ಹಾಕುವಂತಿಲ್ಲ. ನಮಗೆ ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು. ಕುಡಿಯುವ ನೀರಾದ್ದರಿಂದ ಕ್ಲೋರಿನ್ ಹಾಕಲೇಬೇಕು. ನಮಗೆ ಒಳ್ಳೆಯದಾದ ಆ ಕ್ಲೋರಿನ್ ಏಡಿಯ ಕಿವಿರಿಗೆ ಕೆಟ್ಟದ್ದು. ಅಕ್ವೇರಿಯಂ ಸಾಮಾನಿನ ಜೊತೆ ಕ್ಲೋರಿನ್ ತೆಗೆಯುವ ದ್ರಾವಣ ಸಿಗುತ್ತದೆ, ಕೆಲವು ಹನಿ ಸಾಕು. ನನಗೆ ಹೊಳೆದದ್ದು ಕಾರ್ಕಳದ ನಮ್ಮ ಮನೆಯ ಬಾವಿ. ಅಮ್ಮನಿಗೆ ಫೋನ್ ಮಾಡಿದೆ.

"ಈ ವಾರ ಬೇಡ. ಮೊನ್ನೆಯಷ್ಟೇ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೋಗಿದ್ದಾರೆ. ಸ್ವಲ್ಪ ದಿನ ಕಳೆಯಲಿ, ಕಳಿಸ್ತೇನೆ" ಎಂದರು ಅಮ್ಮ. ನಾನು ಕೇಳದೇ ಇದ್ದರೂ ಅವರಿಗೆ ಅದು ಹೊಳೆಯಿತು ನೋಡಿ.

ಉಪ್ಪುನೀರಿಗೆ ಅಡುಗೆಮನೆಯ ಉಪ್ಪು ಆಗುವುದಿಲ್ಲ. ಪುಡಿ ಉಪ್ಪಿನಲ್ಲಿ ಅಯೋಡಿನ್ ಜೊತೆಗೆ ಗಂಟು ಕಟ್ಟದ ಹಾಗೆ ಬೇರೆ ಏನೇನೋ ಸೇರಿಸಿರುತ್ತಾರೆ. "ಕಲ್ಲುಪ್ಪು ಹಾಕಿದರೆ ಸಾಲದಾ?" ಎಂದು ಅಮ್ಮ ಕೇಳಿದರು. ಸಾಲದು. ಸಮುದ್ರದ ನೀರೆಂದರೆ ಬರೀ ಉಪ್ಪಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಇರುತ್ತದೆ. ಸಮುದ್ರದ ಮೀನು ಸಾಕುವವರಿಗೆಂದೇ ಮಾರುವ ಉಪ್ಪಿನ ಪ್ಯಾಕೆಟ್ ಇದೆ, ಲೀಟರಿಗೆ ಸುಮಾರು 35 ಗ್ರಾಂ. ಮಳೆಗಾಲದಲ್ಲಿ ಕಡಲು ಕೆಂಪಾಗಿ ಉಕ್ಕುವಾಗ ನಾನು ಬಳಸುವುದು ಅದನ್ನೇ. ಆದರೆ ಆಗ ಫೆಬ್ರವರಿ, ಕಡಲು ತಿಳಿಯಾಗಿತ್ತು. ಭಾನುವಾರ ಅಮ್ಮನನ್ನು ಕರೆದುಕೊಂಡು ಐದು ಲೀಟರಿನ ಕ್ಯಾನ್ ಹಿಡಿದು ಕಾಪುವಿಗೆ ಹೋದೆ. ಮಾರಿಗುಡಿಗೆ ಹೋಗಬೇಕೆಂದು ಅಮ್ಮನೂ ಹೇಳುತ್ತಿದ್ದರು.

ಕಾಪುವಿನ ದೀಪಸ್ತಂಭ 1901ರದ್ದು. ಅದು ನಿಂತಿರುವ ಬಂಡೆಯ ಕೆಳಗೆ, ಕಲ್ಲುಗಳ ನಡುವೆ ಇಳಿತದ ಹೊತ್ತಿಗೆ ಸಣ್ಣ ಸಣ್ಣ ಕೊಳ ನಿಲ್ಲುತ್ತದೆ. ಅಲ್ಲಿ ಬಗ್ಗಿ ನೋಡಿದರೆ ಬೆರಳಿನ ಉಗುರಿನಷ್ಟು ಶಂಖಗಳು ನಡೆದಾಡುತ್ತಿದ್ದವು. ಒಬ್ಬ ಹುಡುಗ ನಾಲ್ಕೈದನ್ನು ನೀರಿನ ಬಾಟಲಿಗೆ ಹಾಕಿಕೊಂಡಿದ್ದ. ಮನೆಗೆ ಕೊಂಡೊಯ್ಯುತ್ತಾನಂತೆ. ಅವನ ಅಪ್ಪ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು.

ಹೇಳಲೋ ಬೇಡವೋ ಎಂದು ಒಂದು ನಿಮಿಷ ಅಂದುಕೊಂಡೆ. ಖಾಲಿ ಕುಂಡ ನೆನಪಾಯಿತು. "ಪುಟ್ಟಾ, ಇವು ಕಡಲಿನವು. ಅಂಗಡಿಯಲ್ಲಿ ಸಿಗುವವು ನೆಲದಲ್ಲಿ ಇರುವ ಜಾತಿ, ಬೇರೆ. ಇವಕ್ಕೆ ಕಡಲಿನ ನೀರೇ ಬೇಕು. ಬಾಟಲಿಯಲ್ಲಿ ನಾಳೆಯವರೆಗೆ ಬದುಕುವುದೇ ಕಷ್ಟ" ಎಂದೆ. ಅವನು ಅಪ್ಪನ ಮುಖ ನೋಡಿದ. ಅಪ್ಪ, "ಬಿಡು ಮಗಾ" ಎಂದರು. ಬಾಟಲಿ ಬಗ್ಗಿಸಿದ. ಅಮ್ಮ ಸುಮ್ಮನೆ ನೋಡುತ್ತಿದ್ದರು. ಅಷ್ಟರಲ್ಲಿ ಅವರ ಕೈಯಲ್ಲೂ ಮೂರು ಚಂದದ ಖಾಲಿ ಶಂಖ ಇತ್ತು. "ಇದೂ ಯಾರದ್ದಾದರೂ ಮನೆಯೋ?" ಎಂದರು. ಹೌದು, ನಾಳೆ ಯಾವುದಾದರೂ ಏಡಿ ಬೆಳೆದಾಗ ಬೇಕಾಗಬಹುದು ಎಂದೆ. ಅದನ್ನೂ ಅಲ್ಲೇ ಇಟ್ಟರು.

ದೋಣಿ, ತೊರೆ ಇಲ್ಲದ ಕಡೆ ನೋಡಿ ನೀರು ತುಂಬಿಸಿ, ಮನೆಗೆ ಬಂದು ಬಟ್ಟೆಯಲ್ಲಿ ಸೋಸಿ, ಒಂದು ದಿನ ಹಾಗೇ ಬಿಟ್ಟು ಮೇಲಿನ ತಿಳಿ ತೆಗೆದೆ.

ಕೊಳ ಮಾಡುವುದೇನೂ ದೊಡ್ಡ ವಿದ್ಯೆಯಲ್ಲ. ನಾಲ್ಕು ಇಂಚು ಆಳದ ಎರಡು ಪ್ಲಾಸ್ಟಿಕ್ ಡಬ್ಬಿ. ಉಪ್ಪುನೀರು ಲೋಹವನ್ನು ತಿನ್ನುವುದರಿಂದ ಸ್ಟೀಲ್, ಅಲ್ಯೂಮಿನಿಯಂ ಬೇಡ. ತೊಟ್ಟಿಯ ತಳಕ್ಕೆ ಐದು ಪಾಲು ಮರಳು, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ಒದ್ದೆ ಮಾಡಿ ಅರ್ಧ ಅಡಿ ಹಾಕಿದೆ. ಡಬ್ಬಿಗಳ ಬಾಯಿ ಮರಳಿನ ಮಟ್ಟಕ್ಕೆ ಬರುವ ಹಾಗೆ ಹುಗಿದೆ. ದೊಡ್ಡ ಏಡಿ ಶಂಖ ಸಮೇತ ಮುಳುಗುವಷ್ಟು ನೀರು. ಮುಳುಗಿದ್ದು ಮೇಲೆ ಬರಲೂ ಬೇಕಲ್ಲ? ಅದಕ್ಕೆ ಒಂದು ಬದಿಯಲ್ಲಿ ಬೆಣಚುಕಲ್ಲಿನ ಮೆಟ್ಟಿಲು, ಇನ್ನೊಂದು ಬದಿಯಲ್ಲಿ ಕಾಲು ಸಿಕ್ಕಿಸಿಕೊಳ್ಳಲು ಪ್ಲಾಸ್ಟಿಕ್ ಬಲೆಯ ತುಂಡು. ಬಲೆಯ ಮುಚ್ಚಳ ತೆಗೆದು ಗಾಜು ಮುಚ್ಚಿದೆ. ಸ್ಪಂಜ್ ಕಸಕ್ಕೆ ಹೋಯಿತು.

ಮೊದಲ ವಾರವೇ ಅವು ಡಬ್ಬಿಯ ಅಡಿಯ ಮರಳು ಕೊರೆದು ಉಪ್ಪಿನ ಕೊಳವನ್ನು ವಾಲಿಸಿದವು. ಕೆಳಗೊಂದು ಗಟ್ಟಿ ಡಬ್ಬಿ ಬೋರಲು ಇಟ್ಟ ಮೇಲೆ ಸರಿಯಾಯಿತು. ನೀರು ಎರಡು ಮೂರು ದಿನಕ್ಕೊಮ್ಮೆ ಬದಲಿಸುತ್ತೇನೆ.

ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಟಕ್ ಟಕ್ ಸದ್ದು. ದೊಡ್ಡದು ಉಪ್ಪಿನ ಕೊಳಕ್ಕೆ ಇಳಿಯುತ್ತಿತ್ತು. ಪೂರ್ತಿ ಮುಳುಗಿತು. ಶಂಖದ ಬಾಯಿಂದ ಸಾಲಾಗಿ ಗುಳ್ಳೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಕಲ್ಲು ಹತ್ತಿ ಬಂದು ಸಿಹಿನೀರಿನ ಕೊಳದ ಅಂಚಿನಲ್ಲಿ ಕೂತಿತು. ಇಷ್ಟು ದಿನ ಇದು ಬಾಯಾರಿಕೊಂಡೇ ಇತ್ತು ಎಂದು ಆಗ ಗೊತ್ತಾಯಿತು. ನನಗೆ ಮತ್ತೆ ನಿದ್ದೆ ಬರಲಿಲ್ಲ.

ಏಪ್ರಿಲಿನಲ್ಲಿ ಎರಡನೆಯದು ಕಾಣೆಯಾಯಿತು. ಮರಳಿನೊಳಗೆ ಹೋಗಿ ಪೊರೆ ಕಳಚುವುದು ಅದರ ಕ್ರಮ, ವಾರಗಟ್ಟಲೆ ಬೇಕು, ಅಗೆಯಬಾರದು ಎಂದು ಓದಿದ್ದೆ. ಆದರೂ ಕೈ ಸುಮ್ಮನಿರುತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ, "ಹೆರಿಗೆ ಕೋಣೆಯ ಬಾಗಿಲು ಬಡಿಯಬಾರದು, ಸುಮ್ಮನಿರು" ಎಂದರು. ಐದು ವಾರ ಕಳೆದ ಮೇಲೆ ಕೆಂಪು ಹೊಳೆಯುವ ಕಾಲು ಮೊದಲು ಮೇಲೆ ಬಂತು. ನೇರ ಹೋದದ್ದು ಕೊಳಕ್ಕೆ.

ಆಫೀಸಿನಲ್ಲಿ ಈಗ ಕೇಳುತ್ತಾರೆ, ಎಲ್ಲಿ ಸಿಗುತ್ತದೆ, ನಾವೂ ತರಬೇಕು ಎಂದು. ತರಬೇಡಿ ಎನ್ನುತ್ತೇನೆ. ಮಾರಾಟಕ್ಕೆ ಬರುವ ಏಡಿಗಳನ್ನು ಕಡಲ ದಂಡೆಯಿಂದ ಹಿಡಿದೇ ತರುವುದು. ಅದರ ಮರಿಗಳು ಬೆಳೆಯುವುದು ಕಡಲಿನಲ್ಲಿ, ಮನೆಯಲ್ಲಿ ಮರಿ ಮಾಡಿಸುವುದು ಬಹಳ ಕಷ್ಟ. ನನ್ನಲ್ಲಿರುವ ಎರಡು ಯಾವ ದಂಡೆಯವು ಎಂದು ಗೊತ್ತಿಲ್ಲ, ಕಾಪುವಿನಲ್ಲಿ ಬಿಟ್ಟು ಬರುವ ಹಾಗೂ ಇಲ್ಲ. ಚೆನ್ನಾಗಿ ನೋಡಿಕೊಂಡರೆ 30 ವರ್ಷ ದಾಟಿ ಬದುಕಿದ್ದೂ ಉಂಟು. "ನಿನ್ನ ಮದುವೆಯಾದ ಮೇಲೆ ಇವನ್ನು ಯಾರು ನೋಡುವುದು?" ಎಂದು ಅಮ್ಮ ಕೇಳಿದರು. ಯಾರೇ ಬಂದರೂ ಇವುಗಳ ಜೊತೆಗೇ ಬರಬೇಕು ಎಂದೆ.

ಮೇ ತಿಂಗಳಲ್ಲಿ ಬಜೆಯಲ್ಲಿ ನೀರು ಇಳಿಯಿತು. ನಮ್ಮ ಫ್ಲ್ಯಾಟಿಗೆ ಟ್ಯಾಂಕರ್ ನೀರು. ಅದು ಎಲ್ಲಿಯದೋ, ಅದರಲ್ಲಿ ಏನಿದೆಯೋ. ಒಂದು ಸಂಜೆ ಅಮ್ಮನ ಫೋನ್: "ಹಿರಿಯಡ್ಕ ಮೇಲೆ ಬರುವ ಬಸ್ಸಿನಲ್ಲಿ ಕೊಟ್ಟಿದ್ದೇನೆ, ಕಂಡಕ್ಟರ್ ಹತ್ತಿರ ಕೇಳಿ ತಕ್ಕೋ."

ಮಾವಿನಕಾಯಿ ಉಪ್ಪಿನಕಾಯಿ ಇರಬೇಕು ಅಂದುಕೊಂಡು ಹೋದೆ. ಚೀಲದಲ್ಲಿ ಎರಡು ಲೀಟರಿನ ಎರಡು ಬಾಟಲಿ ಬಾವಿ ನೀರಿತ್ತು. ವಾಪಸ್ ಫೋನ್ ಮಾಡಿ, "ನಿಮಗೇ ನೀರು ಕಡಿಮೆ ಅಲ್ವಾ ಅಮ್ಮ?" ಎಂದೆ.

"ಕೊಡಪಾನ ಇಳಿಸಿದರೆ ಅರ್ಧ ಬರ್ತದೆ, ಅಷ್ಟೇ. ಬ್ಲೀಚಿಂಗ್ ಹಾಕಿಲ್ಲ, ಧೈರ್ಯವಾಗಿ ಹಾಕು" ಎಂದರು.